ಕಿವಿ ಮುಟ್ಟಿದ ಕೈ

ನನ್ನ ವಯಸ್ಸನ್ನು ಗೊತ್ತು ಮಾಡಿದ್ದು ನನ್ನ ಬಲಗೈ. ನಗಬೇಡಿ, ಖರೇ ಮಾತು. ನಾನು ಬ್ಯಾಡಗಿಯಲ್ಲಿ ಸಾಲೆ ಸೇರುವ ಕಾಲಕ್ಕೆ ನಮ್ಮ ಓಣಿಯ ಯಾರ ಮನೆಯಲ್ಲೂ ಹುಟ್ಟಿದ ದಿನದ ಕಾಗದ ಇರುತ್ತಿರಲಿಲ್ಲ. ಹೆಡ್‌ಮಾಸ್ತರರು ಹುಡುಗನನ್ನು ಎದುರಿಗೆ ನಿಲ್ಲಿಸಿ, ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟು ಅನ್ನುತ್ತಿದ್ದರು. ಮುಟ್ಟಿದರೆ ಆರು ವರ್ಷ ತುಂಬಿತು ಎಂದರ್ಥ. ಮುಟ್ಟದಿದ್ದರೆ ಬರುವ ವರ್ಷ ಬಾ. ಮುಟ್ಟಿದವರಿಗೆಲ್ಲ ಜೂನ್ ಒಂದನ್ನು ಜನ್ಮದಿನ ಮಾಡಿ ಬರೆದುಬಿಡುತ್ತಿದ್ದರು. ನಮ್ಮ ಕ್ಲಾಸಿನಲ್ಲಿ ಮುಕ್ಕಾಲು ಪಾಲು ಹುಡುಗರು ಒಂದೇ ದಿನ ಹುಟ್ಟಿದವರು. ಊರಿನ ಸೂಲಗಿತ್ತಿಯರು ಅಂದು ಎಷ್ಟು ಓಡಾಡಿದ್ದರೋ, ಪಾಪ!

ನನಗೆ ಆಗ ನಾಲ್ಕೂವರೆಯೂ ತುಂಬಿರಲಿಲ್ಲ. ಅವ್ವ ಮೆಣಸಿನಕಾಯಿ ಪೇಟೆಯಲ್ಲಿ ತುಂಬು ಬಿಡಿಸಲು, ಅಂದರೆ ಕಾಯಿಯ ತೊಟ್ಟು ಮುರಿಯಲು, ಹೋಗುತ್ತಿದ್ದಳು. ಮನೆಯಲ್ಲಿ ನೋಡಿಕೊಳ್ಳುವವರು ಇರಲಿಲ್ಲ, ಹಾಗಾಗಿ ನಾನೂ ಅವಳ ಬಗಲಲ್ಲಿ. ಇಡೀ ದಿನ ಸೀನುವುದು, ಕೆಮ್ಮುವುದು, ಖಾರದ ಕೈಯಿಂದ ಕಣ್ಣು ತಿಕ್ಕಿಕೊಂಡು ಬೊಬ್ಬೆ ಹೊಡೆಯುವುದು. ಒಂದು ದಿನ ಕಣ್ಣು ಬಾತು ರೆಪ್ಪೆಯೇ ತೆರೆಯಲಿಲ್ಲ. ಅವ್ವನಿಗೆ ಸಾಕಾಯಿತು, ಮರುದಿನವೇ ಸಾಲೆಗೆ ಎಳೆದುಕೊಂಡು ಹೋದಳು. ಕೈ ಕಿವಿಯವರೆಗೆ ಹೋಗಲಿಲ್ಲ. ಮಾಸ್ತರರು ಅತ್ತ ಹೊರಳಿದಾಗ ಅವ್ವ ನನ್ನ ತಲೆಯನ್ನು ಬಲಕ್ಕೆ ಒತ್ತಿ ಬಗ್ಗಿಸಿದಳು. ಎಡಗಿವಿ ಮೇಲೆದ್ದು ತಾನೇ ಬೆರಳಿಗೆ ಸಿಕ್ಕಿತು.

"ಮುಟ್ತು ನೋಡ್ರಿ ಮಾಸ್ತರ! ಬರಕೋರಿ ಲಗೂನ" ಅಂದಳಂತೆ. ಒಂದೇ ಗಳಿಗೆಯಲ್ಲಿ ನಾನು ಒಂದೂವರೆ ವರ್ಷ ದೊಡ್ಡವನಾದೆ.

ಈ ಕತೆಯನ್ನು ಅವ್ವ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಳು. ಹೇಳುವಾಗ ನನ್ನನ್ನು ಎಳೆದು ನಿಲ್ಲಿಸಿ ತಲೆ ಬಗ್ಗಿಸಿ ತೋರಿಸುತ್ತಿದ್ದಳು. ಹತ್ತನೆಯ ಇಯತ್ತೆಗೆ ಬಂದ ಮೇಲೂ ಬಿಡಲಿಲ್ಲ. ಮೀಸೆ ಚಿಗುರುವ ಹುಡುಗನ ತಲೆ ಹಿಡಿದು ಒತ್ತುವುದೆಂದರೆ! ಸಿಟ್ಟು ಬರುತ್ತಿತ್ತು, ನಗುವೂ ಬರುತ್ತಿತ್ತು.

ನಮ್ಮ ಕಡೆ ಹುಡುಗರು ಕಬಡ್ಡಿ ಆಡುತ್ತಾರೆ, ಕ್ರಿಕೆಟ್ ಆಡುತ್ತಾರೆ. ಫುಟ್‌ಬಾಲ್ ಬಂದದ್ದು ಬೆಳಗಾವಿ ಕಡೆಯಿಂದ ವರ್ಗವಾಗಿ ಬಂದ ಆಟದ ಮಾಸ್ತರರ ಜೊತೆ. ಬಯಲಿನ ತುಂಬ ಕಾಯಿ ಒಣಗಲು ಹಾಕಿರುತ್ತಿದ್ದರು. ನಡುವೆ ಉಳಿದ ಕಾಲುದಾರಿಯೇ ನಮ್ಮ ಮೈದಾನ. ಚೆಂಡು ಕಾಲು ಬಿಟ್ಟು ಒಂದು ಮೊಳ ಅತ್ತ ಹೋದರೂ ಕಾಯಿಯ ಮೇಲೆ ಬೀಳಬೇಕು, ಕಾಯಿಯ ಮಾಲಕ ಕಟ್ಟಿಗೆ ಹಿಡಿದು ಬರಬೇಕು. ಆ ಹೆದರಿಕೆಯಲ್ಲಿ ನನ್ನ ಕಾಲು ಚೆಂಡನ್ನು ಬಿಡದೆ ಹಿಡಿಯುವುದನ್ನು ಕಲಿಯಿತು. ರಾಣೆಬೆನ್ನೂರಿನ ಕಾಲೇಜು ಮೈದಾನದಲ್ಲಿ ಸಾಲೆಗಳ ಪಂದ್ಯ ನಡೆದಾಗ ನೋಡಿದವರು, "ಇಂವ ಯಾರಿಗೂ ಚೆಂಡ ಕೊಡವಲ್ಲನಲ್ಲೋ, ಜಿಪುಣ ಸೂಳಿಮಗ" ಎಂದು ಬೈದರು. ಬೈದವರ ನಡುವೆ ಬೆಂಗಳೂರಿನಿಂದ ಬಂದ ಒಬ್ಬ ತರಬೇತುದಾರರಿದ್ದರು. ಅವರು ಬೈಯಲಿಲ್ಲ.

ದೇಶದ ಕಿರಿಯರ ತಂಡಕ್ಕೆ, ಹದಿನಾರು ದಾಟದ ಹುಡುಗರ ತಂಡಕ್ಕೆ, ಆಟಗಾರರನ್ನು ಆರಿಸುವ ಶಿಬಿರ ನಡೆಯುವುದಿತ್ತು. ಅವರ ಮಾತಿನ ಮೇಲೆ ನನಗೂ ಕರೆ ಬಂತು. ಕೆಲವು ವರ್ಷಗಳ ಹಿಂದೆ ಅದೇ ವಯಸ್ಸಿನ ನಮ್ಮ ಹುಡುಗರು ಏಷ್ಯಾದ ಟೂರ್ನಿಯಲ್ಲಿ ಕೊನೆಯ ಎಂಟರವರೆಗೆ ಹೋಗಿದ್ದರು. ಅದೊಂದೇ ಹೇಳಿಕೊಳ್ಳುವ ಮಾತು. ಉಳಿದದ್ದು ಹೋದರು, ಸೋತರು, ಬಂದರು. ವಿಶ್ವಕಪ್ಪಿನ ಬಾಗಿಲು ಒಮ್ಮೆಯೂ ತೆರೆದಿರಲಿಲ್ಲ. ನಮ್ಮ ಆಟದ ಮಾಸ್ತರರಿಗೆ ಈ ಸೋಲುಗಳೆಲ್ಲ ಬಾಯಿಪಾಠ. "ಸೋತ ಮನಿಗೇ ಸೊಸಿ ಆಗಿ ಹೊಂಟೀಯಪಾ, ಹೆದರಬ್ಯಾಡ" ಎಂದು ನನ್ನನ್ನು ರೈಲು ಹತ್ತಿಸಿದರು.

ಶಿಬಿರದ ಮೊದಲ ದಿನವೇ ಮಣಿಕಟ್ಟಿನ ಎಕ್ಸ್-ರೇ ತೆಗೆದರು. ಎಲುಬು ನೋಡಿ ವಯಸ್ಸು ಹೇಳುತ್ತಾರಂತೆ. ಎಷ್ಟೋ ಹುಡುಗರು ಅಲ್ಲೇ ಉದುರಿದರು. ನನ್ನ ಎಲುಬು ಪಾಸಾಯಿತು. ಮುಂದೆ ಬೆಳಿಗ್ಗೆ ಸಂಜೆ ಆಡಿಸಿದರು. ನಾನು ಬಿದ್ದೆ, ಎದ್ದೆ, ಚೆಂಡು ಮಾತ್ರ ಬಿಡಲಿಲ್ಲ. ಕೊನೆಗೆ ಹೊರದೇಶಕ್ಕೆ ಹೋಗುವವರ ಹೆಸರು ಓದಿದಾಗ ಅದರಲ್ಲಿ ನನ್ನ ಹೆಸರಿತ್ತು. ದೇವರಾಣೆ, ಆ ಕ್ಷಣಕ್ಕಿಂತ ದೊಡ್ಡದು ನನ್ನ ಬಾಳಿನಲ್ಲಿ ಮತ್ತೊಂದು ಬಂದಿಲ್ಲ. ಇನ್ನು ಬರುವುದೂ ಇಲ್ಲ.

ಮರುದಿನ ಪಾಸ್‌ಪೋರ್ಟಿಗೆಂದು ಸಾಲೆಯ ದಾಖಲೆ ಕೇಳಿದರು. ಬೆಂಗಳೂರಿನ ತರಬೇತುದಾರರು ನನ್ನ ಕಾಗದ ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಕಾಗದ ನೋಡಿದರು.

"ಇದರ ಪ್ರಕಾರ ನಿಂಗೆ ವಯಸ್ಸು ಮೀರಿದೆಯಲ್ಲೋ!"

ನಾನು ಕಿವಿಯ ಕತೆ ಹೇಳಿದೆ. ಅವರಿಗೆ ನಗು ತಡೆಯಲಾಗಲಿಲ್ಲ. "ಇಲ್ಲಿಗೆ ಬರೋರೆಲ್ಲ ವಯಸ್ಸು ಇಳಿಸ್ಕೊಂಡು ಬರ್ತಾರೆ. ಏರಿಸ್ಕೊಂಡು ಬಂದೋನು ನೀನೊಬ್ಬನೇ ಮಾರಾಯ!" ಎಂದರು. ಆಮೇಲೆ ನಗು ಹೋಯಿತು. "ಎಕ್ಸ್-ರೇ ಏನೇ ಹೇಳಲಿ, ವಿಮಾನ ಹತ್ತೋದು ಕಾಗದ. ಊರಿಗೆ ಹೋಗು. ತಂಡ ಹೊರಡೋದರೊಳಗೆ ಸರಿ ಮಾಡಿಸ್ಕೊಂಡು ಬಾ."

ಸರಿ ಮಾಡಿಸಿಕೊಂಡು ಬರುವುದು! ಹರಿದ ಚಪ್ಪಲಿ ಹೊಲಿಸಿಕೊಂಡು ಬಂದ ಹಾಗೆ. ಸಾಲೆಯಲ್ಲಿ ಕೇಳಿದರೆ, ಬರೆದ ಮಾಸ್ತರರು ತೀರಿಕೊಂಡಿದ್ದಾರೆ, ಹಾವೇರಿಗೆ ಹೋಗು ಅಂದರು. ಹಾವೇರಿಯ ಕಚೇರಿಗೆ ಅವ್ವನನ್ನು ಕರೆದುಕೊಂಡು ಹೋದೆ. ಅವಳು ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು, ಟೇಬಲ್ಲಿನ ಮುಂದೆ ನಿಂತಳು.

"ಯಾವಾಗ ಹುಟ್ಟ್ಯಾನವ್ವಾ ನಿನ್ನ ಮಗ?" ಕ್ಲಾರ್ಕ್ ಕೇಳಿದ.

"ಎಳ್ಳಮಾಸಿ ಮರುದಿನಾರಿ, ಮೋಟೆಬೆನ್ನೂರಾಗ, ನಮ್ಮ ತವರಮನ್ಯಾಗ. ಭೂಮ್ತಾಯಿಗೆ ಎಡಿ ಮಾಡಿ, ಹೊಲದಾಗ ಚರಗಾ ಚೆಲ್ಲಿ ಬಂದು ಮಲಗಿದ್ದೆ. ಮುಂಜಾನೆ ಬ್ಯಾನಿ ಹತ್ತಿದ್ವು."

"ಎಳ್ಳಮಾಸಿ ವರ್ಷಾ ಬರ್ತೈತಿ. ಯಾವ ವರ್ಷದ್ದು?"

"ನಮ್ಮ ಮಾವ ತೀರಕೊಂಡ ವರ್ಷಾರಿ."

"ಅವರು ಸತ್ತದ್ದಕ್ಕ ದಾಖಲೆ ಐತೇನು?"

ಅವ್ವ ಟೇಬಲ್ಲಿಗೆ ಇನ್ನಷ್ಟು ಹತ್ತಿರ ಸರಿದಳು. "ಸತ್ತಾರಲ್ರಿ ಸಾಹೇಬ್ರ, ಅದಕ್ಕ ದಾಖಲೆ ಯಾಕ? ಇಂವನ್ನ ಹೆತ್ತಾಕಿ ನಾನು. ನಾನ ಹೇಳಾಕತ್ತೇನಲ್ರಿ" ಎಂದಳು. ಕ್ಲಾರ್ಕ್ ಕೆಟ್ಟವನಲ್ಲ, ಕುಂದ್ರವ್ವಾ ಎಂದು ಕುರ್ಚಿ ಕೊಟ್ಟ. ಆದರೆ ಕೋರ್ಟಿನ ಆದೇಶ ಬೇಕು ಎಂಬುದರಿಂದ ಇಷ್ಟೂ ಸರಿಯಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ.

ಕೋರ್ಟು ಹತ್ತಿದೆವು. ತಾರೀಖಿನ ಮೇಲೆ ತಾರೀಖು. ಒಂದು ಸಲ ಜಡ್ಜ್ ಸಾಹೇಬರು ರಜೆ, ಒಂದು ಸಲ ವಕೀಲರು ಬರಲಿಲ್ಲ, ಒಂದು ಸಲ ಸಾಕ್ಷಿ ಹೇಳಬೇಕಾದ ಮೋಟೆಬೆನ್ನೂರಿನ ಅಜ್ಜಿಗೆ ಚಳಿಜ್ವರ. ಹೀಗೆ ಓಡಾಡುತ್ತಿರುವಾಗಲೇ ತಂಡ ಹೊರಟುಹೋಯಿತು. ನನ್ನ ಜಾಗದಲ್ಲಿ ಯಾರನ್ನೋ ಕರೆದುಕೊಂಡರು. ಅವನ ತಪ್ಪೇನಿದೆ? ಆದರೂ ಆ ಮುಖ ಕಾಣದ ಹುಡುಗನನ್ನು ನಾನು ಎಷ್ಟು ಶಪಿಸಿದೆನೋ ನನಗೇ ಗೊತ್ತು.

ತಂಡ ಸೋತ ಸುದ್ದಿ ಪೇಪರಿನ ಆಟದ ಪುಟದ ಮೂಲೆಯಲ್ಲಿ, ಬೆರಳು ಇಟ್ಟರೆ ಮುಚ್ಚಿಹೋಗುವಷ್ಟು ಜಾಗದಲ್ಲಿ ಬಂದಿತ್ತು. ತುಂಬು ಬಿಡಿಸುತ್ತಿದ್ದ ಅವ್ವನ ಪಕ್ಕ ಕೂತು ಓದಿ ಹೇಳಿದೆ.

"ನೀ ಇದ್ದಿದ್ರ ಗೆಲ್ತಿದ್ರೇನೋ?" ಅಂದಳು.

"ಇಲ್ಲಬೇ. ನಾ ಇದ್ರೂ ಸೋಲ್ತಿದ್ವಿ."

"ಸೋತ್ರ ಸೋತ್ರಿ ಬಿಡು" ಅಂದಳು, ಕೈ ನಿಲ್ಲಿಸದೆ. "ಅಲ್ಲಿ ನಿಂತು ಸೋಲ್ತಿದ್ದಿ ಹೌದಲ್ಲೋ?"

ನಾನು ಪೇಪರು ಮಡಚಿದೆ. ಕಣ್ಣಲ್ಲಿ ನೀರು ಬಂತು. ಮೆಣಸಿನಕಾಯಿ ರಾಶಿಯ ಮುಂದೆ ಕೂತವನಿಗೆ ಕಣ್ಣೀರು ಬಂದರೆ ಯಾರೂ ಯಾಕೆಂದು ಕೇಳುವುದಿಲ್ಲ. ನಮ್ಮ ಊರಿನಲ್ಲಿ ಇರುವ ಸುಖ ಅದೊಂದೇ.

ಕೋರ್ಟಿನ ಆದೇಶ ಬಂದದ್ದು ಅದೆಷ್ಟೋ ತಿಂಗಳ ಮೇಲೆ. ಅವ್ವ ಹೇಳಿದ್ದು ಖರೇ, ಹುಡುಗ ಎಳ್ಳಮಾಸಿಯ ಮರುದಿನವೇ ಹುಟ್ಟಿದ್ದು ಎಂದು ಒಪ್ಪಿಕೊಂಡಿದ್ದರು. ವಕೀಲರ ಕಡೆಯಿಂದ ಕಾಗದವನ್ನು ಅವ್ವನೇ ಇಸಿದುಕೊಂಡು ಬಂದಳು. ಬರುವಾಗ ಹಾವೇರಿಯ ಪೇಟೆಯಲ್ಲಿ ನನಗೆ ಹೊಸ ಬೂಟು ಕೊಂಡಿದ್ದಳು. ಅಳತೆ ಗೊತ್ತಾಗದೆ ಒಂದು ಬೆರಳು ದೊಡ್ಡದನ್ನೇ ತಂದಿದ್ದಳು. ಒಳಗೆ ಬಂದವಳೇ ಕಾಗದ ನನ್ನ ಕೈಗೆ ಕೊಟ್ಟು, ಬೂಟು ಮುಂದಿಟ್ಟು, ನನ್ನ ಗಲ್ಲ ಸವರಿದಳು.

"ಈಗ ಸಣ್ಣಾವ ಆದಿ ನೋಡು ನನ್ನಪ್ಪಾ. ಇನ್ನ ಹೋಗು, ಆಡು."

ಆ ಮುಖಕ್ಕೆ ಹೇಗೆ ಹೇಳಲಿ? ಹೇಳದೆ ಬಿಡುವುದಾದರೂ ಹೇಗೆ?

"ಆ ಟೂರ್ನಿ ಮುಗದ ಹೋತಬೇ."

"ಮತ್ತ ಬರೂದಿಲ್ಲೇನು?"

"ಬರ್ತೈತಿ. ಎರಡು ವರ್ಷಕ್ಕ ಒಮ್ಮೆ."

"ಹಂಗಾರ ಆವಾಗ ಹೋಗು. ಕಾಗದ ಎಲ್ಲಿ ಓಡಿ ಹೋಗತೈತಿ?"

"ಆವಾಗ ನಂಗ ವಯಸ್ಸು ಮೀರಿರ್ತೈತಬೇ."

"ಖರೇ ವಯಸ್ಸು ಬರಿಸಿದ್ರೂನೂ?"

"ಬರಿಸಿದ್ರೂನೂ."

ಅವ್ವ ಬೂಟುಗಳನ್ನು ಎತ್ತಿಕೊಂಡು, ಅಂಗಡಿಯವನು ಸುತ್ತಿಕೊಟ್ಟಿದ್ದ ಕಾಗದದಲ್ಲೇ ಮತ್ತೆ ಸುತ್ತಿ, ಕಪಾಟಿನ ಮೇಲೆ ಇಟ್ಟಳು. ಆಮೇಲೆ ಒಲೆಯ ಮುಂದೆ ಕೂತು ರೊಟ್ಟಿ ಬಡಿದಳು.

ಅಂದಿನಿಂದ ಮನೆಗೆ ಎಷ್ಟೋ ಜನ ಬಂದು ಹೋಗಿದ್ದಾರೆ. ಕಿವಿ ಮುಟ್ಟಿಸಿದ ಕತೆಯನ್ನು ಅವ್ವ ಯಾರಿಗೂ ಹೇಳಲಿಲ್ಲ. ಒಮ್ಮೆ ನಾನೇ ಅವಳ ಮುಂದೆ ಹೋಗಿ ತಲೆ ಬಗ್ಗಿಸಿ ನಿಂತೆ, ನಗಲಿ ಅಂತ. ಅವಳು ಕೈ ಎತ್ತಲಿಲ್ಲ.