ಗ್ರಹಣದ ಹೊತ್ತಿಗೆ ಬಾಗಿಲು ಬಡಿದವರು

ಇಂಥ ಕಥೆಗಳನ್ನು ಯಾರಾದರೂ ಶುರು ಮಾಡಿದರೆ ಕಾಫಿ ಕಾಯಿಸುವ ನೆಪದಲ್ಲಿ ಎದ್ದು ಹೋಗುವವಳು ನಾನು. ಈಗ ನೀವು ಎದ್ದು ಹೋದರೂ ನನಗೆ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದೆ, ಮಾರೇನಹಳ್ಳಿಯ ಇದೇ ಮನೆಯಲ್ಲಿ, ನನಗೆ ಐದು ತಿಂಗಳು. ಗರ್ಭಕೋಶದ ಬಾಯಿ, ಅಂದರೆ ಗರ್ಭಕಂಠ, ಗಿಡ್ಡವಾಗಿದೆ ಎಂದು ಸ್ಕ್ಯಾನಿಂಗಿನಲ್ಲಿ ಗೊತ್ತಾಯಿತು. ಮಗು ದಿನ ತುಂಬುವ ಮೊದಲೇ ಬಂದುಬಿಡಬಹುದು, ಇಷ್ಟು ಬೇಗ ಬಂದರೆ ಉಳಿಯುವುದಿಲ್ಲ ಎಂದರು ಡಾಕ್ಟರಮ್ಮ. ಮಾತ್ರೆ ಕೊಟ್ಟು, ಮುಂದಿನ ವಾರ ಮತ್ತೆ ಅಳತೆ ನೋಡಬೇಕು, ತಪ್ಪಿಸಲೇಬೇಡಿ ಎಂದರು. ನನಗೆ ನೋವಿಲ್ಲ, ಸುಸ್ತಿಲ್ಲ. ಅದೇ ಎಡವಟ್ಟಾಯಿತು. ನೋವೇ ಇಲ್ಲದ ತೊಂದರೆಯನ್ನು ನಮ್ಮ ಮನೆಯಲ್ಲಿ ಯಾರು ನಂಬುತ್ತಾರೆ?

ಮತ್ತೆ ಅಳತೆ ನೋಡಿಸಬೇಕಿದ್ದ ದಿನ ಬೆಳಿಗ್ಗೆಯೇ ಸೂರ್ಯಗ್ರಹಣ ಬರಬೇಕೆ! ಬಸುರಿ ಹೊಸ್ತಿಲು ದಾಟಕೂಡದೆಂದು ಅತ್ತೆ ಕಿಟಕಿಗಳಿಗೆಲ್ಲ ಬೆಡ್‌ಶೀಟ್ ಕಟ್ಟಿದರು. ಉಪ್ಪಿನಕಾಯಿ ಜಾಡಿಗೊಂದು ದರ್ಭೆ, ನನ್ನ ದಿಂಬಿಗೊಂದು ದರ್ಭೆ. "ನಾಳೆ ಹೋದ್ರೆ ಮಗು ಓಡ್ಹೋಗತ್ತಾ?" ಎಂದರು. ನನಗಿದ್ದ ಭಯವೂ ಅದೇ ತಾನೆ! ಗಂಡನ ಮುಖ ನೋಡಿದೆ. "ಒಂದ್ ದಿನ ತಾನೆ, ಬಿಡೇ" ಎಂದ ಆ ಮಹಾನುಭಾವ. ಮೈಯೆಲ್ಲ ಉರಿದುಹೋಯಿತು. ಕೂಗಾಡಿದೆ, ಕಣ್ಣೀರು ಹಾಕಿದೆ, ಕೊನೆಗೆ ಸಾಕಾಗಿ ಮಲಗಿದೆ.

ಬೆಳಕು ಮಂಕಾಗುತ್ತಿದ್ದಾಗ ಯಾರೋ ಮುಂಬಾಗಿಲನ್ನು ದಬದಬ ಬಡಿದರು. "ಏನ್ರೇ ಮಾಡ್ತಿದೀರ ಒಳಗೆ? ಆ ಹುಡುಗೀನ ಆಸ್ಪತ್ರೆಗೆ ಕರ್ಕೊಂಡ್ ಹೋಗಿ, ಈಗ್ಲೇ!"

ಎದುರುಮನೆ ಗೌರಮ್ಮಜ್ಜಿಯ ದನಿ. ಮಡಿ, ಶಾಸ್ತ್ರ ಎಂದರೆ ನಮ್ಮ ಬೀದಿಯಲ್ಲಿ ಅವರನ್ನು ಮೀರಿಸಿದವರಿಲ್ಲ. ಗ್ರಹಣಕ್ಕೆ ಏನೇನು ಮಾಡಬೇಕೆಂದು ಅತ್ತೆ ಕೇಳಿಕೊಂಡು ಬಂದಿದ್ದೂ ಅವರಿಂದಲೇ. ಅತ್ತೆ ಬಾಗಿಲು ತೆರೆದಾಗ ಹೊರಗೆ ಯಾರೂ ಇರಲಿಲ್ಲ. ಅಜ್ಜಿ ಅವಸರದಲ್ಲಿ ಒಳಗೆ ಹೋಗಿರಬೇಕು ಎಂದುಕೊಂಡೆವು. ಅವರೇ ಹೇಳಿದ ಮೇಲೆ ಇನ್ನೇನು? ಅತ್ತೆ ತಾವೇ ನನ್ನ ಚಪ್ಪಲಿ ತಂದಿಟ್ಟರು. ಗಂಡ ಆಟೋ ಹಿಡಿದ.

ಬಸವೇಶ್ವರನಗರದ ಆಸ್ಪತ್ರೆಯಲ್ಲಿ ನೋಡಿದರೆ ಗರ್ಭಕಂಠ ಇನ್ನೂ ಕುಗ್ಗಿ, ಬಾಯಿ ತೆರೆಯತೊಡಗಿತ್ತು. ಅಂದೇ ಹೊಲಿಗೆ ಹಾಕಿದರು. ನಾಳೆ ಬಂದಿದ್ದರೆ ಏನಾಗುತ್ತಿತ್ತೋ ಹೇಳಲಾರೆ ಎಂದರು ಡಾಕ್ಟರಮ್ಮ. ಅತ್ತೆ ಅಲ್ಲೇ ಕೂತು ಅತ್ತರು.

ಮನೆಗೆ ಬಂದ ಮೇಲೆ ಅಜ್ಜಿಗೆ ಕೈ ಮುಗಿಯಲು ಹೋದೆ. ಅವರು ಕಣ್ಣುಕಣ್ಣು ಬಿಟ್ಟರು. "ನಾನಾ? ಗ್ರಹಣದಲ್ಲಿ ಆಚೆ ಬರ್ತೀನಾ? ದೇವ್ರ ಮನೆ ಬಿಟ್ಟು ಎದ್ದೇ ಇಲ್ವಲ್ಲೇ!" ತಾನೂ ಪಕ್ಕದಲ್ಲೇ ಕೂತಿದ್ದೆ ಎಂದಳು ಅವರ ಸೊಸೆ. ಅಜ್ಜಿ ಸುಳ್ಳು ಹೇಳುವವರಲ್ಲ. ನನಗೊಬ್ಬಳಿಗೇ ಕೇಳಿಸಿದ್ದರೆ ಭ್ರಮೆ ಎಂದು ಕೈ ತೊಳೆದುಕೊಳ್ಳುತ್ತಿದ್ದೆ. ಅತ್ತೆಗೂ ಕೇಳಿಸಿತ್ತು, ಗಂಡನಿಗೂ ಕೇಳಿಸಿತ್ತು. ಯೋಚಿಸಿ ಯೋಚಿಸಿ ನನ್ನ ತಲೆ ಕೆಟ್ಟಿದ್ದೇ ಬಂತು.

ಮಗಳು ದಿನ ತುಂಬಿಯೇ ಹುಟ್ಟಿದಳು. ಈಗ ಸಂಜೆಯಾದರೆ ಗೌರಮ್ಮಜ್ಜಿಯ ತೊಡೆಯೇರಿ ಚಕ್ಕುಲಿ ಕಡಿಯುತ್ತಾಳೆ. ಅಜ್ಜಿ ಅವಳ ತಲೆ ಸವರುತ್ತಾ ನನ್ನನ್ನು ಬೈಯುತ್ತಾರೆ: "ಇಂಥಾ ಮಗೂನ ಹೊಟ್ಟೇಲಿಟ್ಕೊಂಡು ಗ್ರಹಣದಲ್ಲಿ ಆಚೆ ಹೋಗಿದ್ಯಲ್ಲೇ, ಬುದ್ಧಿ ಬೇಡ್ವಾ ನಿಂಗೆ?"

ನಾನು ಕಾಫಿ ಕಾಯಿಸುವ ನೆಪದಲ್ಲಿ ಎದ್ದು ಹೋಗುತ್ತೇನೆ.