ನನ್ನ ಕೈಗೆ ಕೊಟ್ಟ ಕೀ

ನಮ್ಮ ಕಡೆ ಸನ್ಮಾನಕ್ಕೆ ಬರವಿಲ್ಲ. ಒಂದು ಶಾಲು, ಒಂದು ಪೇಟ, ಬಣ್ಣದ ಕಾಗದ ಸುತ್ತಿದ ಹಣ್ಣಿನ ಬುಟ್ಟಿ ಇದ್ದರೆ ಯಾರನ್ನು ಬೇಕಾದರೂ ವೇದಿಕೆ ಹತ್ತಿಸುತ್ತೇವೆ. ಹೋದ ವರ್ಷ ರಾಮನಗರದಲ್ಲಿ, ಕುಡಿದು ಗಾಡಿ ಓಡಿಸುವವರನ್ನು ತಡೆದ ಪೊಲೀಸರಿಗೆ ಸನ್ಮಾನ ಮಾಡಿದರು. ಮಾಡಬೇಕಾದದ್ದೇ. ಆದರೆ ಶಾಲು ಹೊದಿಸಿದವರು ಯಾರು, ಚಪ್ಪಾಳೆ ತಟ್ಟಿದವರು ಯಾರು ಎಂದು ನೋಡಿದರೆ ಉಗಿಯಬೇಕು ಅನ್ನಿಸುತ್ತದೆ. ತಟ್ಟಿದವರಲ್ಲಿ ನಾನೂ ಒಬ್ಬಳು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಚನ್ನಪಟ್ಟಣದಲ್ಲಿ ರೇಷ್ಮೆ ನೂಲು ತೆಗೆಯುವವಳು ನಾನು. ಬರೆಯುವ ಅಭ್ಯಾಸವಿಲ್ಲ. ಆದರೂ ಇದನ್ನು ಬರೆಯದೆ ವಿಧಿಯಿಲ್ಲ.

ನನ್ನ ತಮ್ಮ ಬೊಂಬೆ ಕೆಲಸದವನು. ತಿರುಗುವ ಮರಕ್ಕೆ ಉಳಿ ಹಿಡಿದು, ಅರಗು ಒತ್ತಿ ಬಣ್ಣ ಏರಿಸಿದರೆ ಬೊಂಬೆಯ ಕೆನ್ನೆಯಲ್ಲಿ ನಮ್ಮ ಮುಖ ಕಾಣುತ್ತಿತ್ತು. ಈಗ ಅವನ ಬಲಗೈ ಕಾಫಿ ಲೋಟವನ್ನೂ ಹಿಡಿಯುವುದಿಲ್ಲ. ಹೆದ್ದಾರಿ ಬದಿಯ ಅಂಗಡಿಯಲ್ಲಿ ಕೂತು ಬೇರೆಯವರು ಮಾಡಿದ ಬೊಂಬೆ ಮಾರುತ್ತಾನೆ.

ಅದು ಹೀಗಾಯಿತು. ಕೋಡಿಹಳ್ಳಿ ಕಡೆ ಬೀಗರ ಊಟಕ್ಕೆ ಹೋಗಿದ್ದೆವು. ಶಾಮಿಯಾನದ ಕೆಳಗೆ ಮುದ್ದೆ, ಮಟನ್ ಸಾರು. ಹಿಂದಿನ ತೋಟದಲ್ಲಿ ಬಾಟಲಿ. ಬೇಡ ಅಂದವನಿಗೂ ಆಣೆ ಹಾಕಿ ಕುಡಿಸುತ್ತಾರೆ, ಆಮೇಲೆ ಅವರೇ ಬೈಕಿನ ತನಕ ಬಂದು "ಉಸಾರು ಕಣ್ಲಾ" ಅನ್ನುತ್ತಾರೆ. ಆ ಮಾತಿಗೂ ಒಂದು ಶಾಲು ಹೊದಿಸಬೇಕು. ತಮ್ಮ ಕುಡಿದಿದ್ದು ಗೊತ್ತಿದ್ದೂ ನಾನು ಅವನ ಹಿಂದೆ ಕೂತೆ.

ಕನಕಪುರದ ಹತ್ತಿರ ಪೊಲೀಸರು ಕೈ ಅಡ್ಡ ಹಾಕಿದರು. ಅವರಲ್ಲಿ ಹೆಣ್ಣುಮಗಳೊಬ್ಬಳು ಕೀ ಕಿತ್ತುಕೊಂಡು, ಕುಡಿದದ್ದು ಪತ್ತೆ ಮಾಡುವ ಮಿಷನ್ ಹಿಡಿದಳು.

"ಊದಪ್ಪ."

"ಊದ್ತೀನಿ ಮೇಡಂ, ಇದೇನ್ ಬಲೂನಾ?" ಅಂದ ತಮ್ಮ. ಸುತ್ತ ನಿಂತವರು ನಕ್ಕರು.

ನಾನು ನಗಲಿಲ್ಲ. ಊಟ ಮುಗಿಸಿದ ಬೀಗರ ಗಾಡಿಗಳು ಒಂದೊಂದಾಗಿ ಅದೇ ರಸ್ತೆಯಲ್ಲಿ ಬರುತ್ತಿದ್ದವು. ಎಲ್ಲರೂ ಕತ್ತು ಹೊರಗೆ ಹಾಕಿ ನೋಡುತ್ತಿದ್ದರು. ತಮ್ಮನ ಜೀವಕ್ಕಿಂತ ಆ ಕತ್ತುಗಳ ಭಯವೇ ನನಗೆ ದೊಡ್ಡದಾಯಿತು. ನಮ್ಮ ಕಡೆ ಮನುಷ್ಯನ ಯೋಗ್ಯತೆ ಅಳೆಯುವುದು ಅವನ ಫೋನಿನಲ್ಲಿ ಯಾರ ನಂಬರ್ ಇದೆ ಎಂಬುದರಿಂದ. ನನ್ನ ಫೋನಿನಲ್ಲಿ ಗಂಡನ ಕಡೆ ನಂಟರಾದ ಮುಖಂಡರೊಬ್ಬರ ನಂಬರ್ ಇತ್ತು. ಮರದ ಮರೆಗೆ ಹೋಗಿ ಅವರಿಗೆ ಫೋನ್ ಮಾಡಿದೆ. ಆಮೇಲೆ ಪೊಲೀಸಮ್ಮನ ಹತ್ತಿರ ಹೋಗಿ, "ಒಸಿ ಮಾತಾಡಿ ಮೇಡಂ" ಎಂದು ಫೋನ್ ಕೊಟ್ಟೆ. ತಮ್ಮ ಅಷ್ಟರಲ್ಲಿ ಮೋರಿ ಮೇಲೆ ಕೂತು ವಾಂತಿ ಮಾಡಿಕೊಳ್ಳುತ್ತಿದ್ದ.

ಆಕೆ "ಸರ್... ಸರ್... ಆಯ್ತು ಸರ್" ಅಂದಳು. ಫೋನ್ ವಾಪಸ್ ಕೊಟ್ಟು, ಕೀಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. "ಅವರಿಗೆ ಕೊಡಬೇಡಿ ಅಕ್ಕ. ಗಾಡಿ ಇಲ್ಲೇ ಇರಲಿ, ಬಸ್ಸಲ್ಲಿ ಹೋಗಿ."

ಬಸ್ಸು ಬರುವ ಮೊದಲು ಬೀಗರ ವ್ಯಾನು ಬಂತು. ಒಳಗಿಂದ ಯಾರೋ, "ಏನಕ್ಕಾ, ಸ್ಟೇಷನ್ನಲ್ಲೇ ಮುದ್ದೆ ಉಣ್ತೀರಾ?" ಎಂದು ಕೂಗಿದರು. ಪೊಲೀಸಮ್ಮ ಇನ್ನೊಂದು ಗಾಡಿ ಕಡೆ ತಿರುಗಿದ್ದಳು. ಕೀ ತಮ್ಮನ ಕೈಗಿಟ್ಟು, "ನಡೀಲಾ ಬೇಗ" ಅಂದೆ.

ಸಾತನೂರು ರಸ್ತೆಯ ತಿರುವಿನಲ್ಲಿ ನಿಂತಿದ್ದ ಟ್ರ್ಯಾಕ್ಟರಿಗೆ ಗುದ್ದಿದ. ನನಗೆ ಮೊಣಕೈ ತರಚಿತು. ಅವನ ಕೈ ನುಜ್ಜಾಯಿತು.

ಅವನಿಗೆ ನೆನಪಿದ್ದದ್ದು ಇಷ್ಟೇ: ಪೊಲೀಸರು ಹಿಡಿದರು, ಬಿಟ್ಟರು. "ಆ ಯಮ್ಮ ಕೀ ಕೊಡದೇ ಇದ್ದಿದ್ರೆ ನನ್ ಕೈ ಇರೋದು. ಎಷ್ಟು ತಿಂದ್ಲೋ!" ಎಂದು ಎರಡು ವರ್ಷ ಶಾಪ ಹಾಕಿದ. ಅವನಿಗೆ ತುತ್ತು ಕಲಸಿ ಕೊಡುತ್ತಾ ನಾನು "ಊಂ ಕಣಪ್ಪ" ಅನ್ನುತ್ತಿದ್ದೆ. ಒಂದೊಂದು ಸಲ ನಾನೇ ಎರಡು ಬೈಗುಳ ಸೇರಿಸುತ್ತಿದ್ದೆ. ನಿಜ ಹೇಳಿದರೆ ತಮ್ಮ ನನ್ನನ್ನು ಬಿಟ್ಟುಬಿಡುತ್ತಾನೆ ಎಂಬ ಹೆದರಿಕೆ. ಇಷ್ಟು ಹೇಡಿಯಾದವಳು ಊರವರ ಬಾಯಿಗೆ ಹೆದರಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಹೋದ ವರ್ಷದ ಆ ಸನ್ಮಾನದ ಕಾಣಿಕೆಗೆ ಪೊಲೀಸ್ ಬೊಂಬೆಗಳು ಬೇಕೆಂದು ತಮ್ಮನ ಅಂಗಡಿಗೇ ಹೇಳಿದರು. "ಹೊಟ್ಟೆ ಒಸಿ ಕಮ್ಮಿ ಮಾಡ್ಸಪ್ಪ, ಸಾಹೇಬ್ರು ಬೇಜಾರ್ ಮಾಡ್ಕತಾರೆ" ಎಂದೂ ಹೇಳಿದ್ದರಂತೆ. ಒಂಟಿ ಕೈಯಲ್ಲಿ ಪೆಟ್ಟಿಗೆ ಹೊರಲಾರ ಎಂದು ನಾನೂ ಜೊತೆಗೆ ಹೋದೆ.

ವೇದಿಕೆ ಮೇಲೆ ನಡುವಿನ ಕುರ್ಚಿಯಲ್ಲಿ ಅದೇ ಮುಖಂಡರು. "ಯಾವನೇ ಫೋನ್ ಮಾಡಲಿ, ಬಿಡಬೇಡಿ! ನಾನೇ ಮಾಡಿದರೂ ಬಿಡಬೇಡಿ!" ಎಂದು ಮೈಕಿನಲ್ಲಿ ಗುಡುಗಿದರು. ಜನ ಶಿಳ್ಳೆ ಹೊಡೆದರು. ಆಮೇಲೆ, ಅವತ್ತು ನಮ್ಮನ್ನು ತಡೆದಿದ್ದ ಅದೇ ಪೊಲೀಸಮ್ಮನಿಗೆ ಶಾಲು ಹೊದಿಸಿ, ಫೋಟೋ ಸರಿಯಾಗಿ ಬರಲಿಲ್ಲವೆಂದು ತೆಗೆದು ಇನ್ನೊಮ್ಮೆ ಹೊದಿಸಿದರು. ಆಕೆಯ ಮುಖದಲ್ಲಿ ನಗು ಇರಲಿಲ್ಲ.

ಆಕೆ ಮೆಟ್ಟಿಲಿಳಿದು ಬಂದಾಗ ತಮ್ಮ ಅಡ್ಡ ನಿಂತ. ಬಲಗೈ ತೋರಿಸಿದ. "ಗುರ್ತು ಸಿಕ್ತಾ ಮೇಡಂ? ಅವತ್ತು ಕೀ ಕೊಟ್ಬುಟ್ರಲ್ಲ, ಅದ್ಕೂ ಸೇರ್ಸಿ ಹೊದ್ಸವ್ರಾ ಈ ಶಾಲ?"

ಆಕೆ ಆ ಕೈ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. "ಫೋನ್ ಬಂತು ಅಂತ ಬಿಟ್ಟೆ. ಅದು ನನ್ನ ತಪ್ಪೇ" ಎಂದಷ್ಟೇ ಅಂದಳು. ಉಳಿದ ತಪ್ಪು ಯಾರದೆಂದು ಆಕೆ ಹೇಳಲಿಲ್ಲ. ಶಾಲಿನ ತುದಿ ಸುತ್ತಿಕೊಳ್ಳುತ್ತಾ ನಿಂತಳು.

"ಫೋನ್ ಮಾಡ್ಸಿದ್ದು ನಾನು ಕಣೋ," ಅಂದೆ. "ಕೀ ನನ್ ಕೈಗೆ ಕೊಟ್ರು. ಬಸ್ಸಲ್ಲೋಗಿ ಅಂದ್ರು. ನಿಂಗ್ ಕೊಟ್ಟೋಳು ನಾನು."

ತಮ್ಮ ಚಾಚಿದ್ದ ಬಲಗೈ ಕೆಳಗಿಳಿಸಿದ. ಪೊಲೀಸಮ್ಮನ ಕಡೆ ತಿರುಗಿ, "ತಪ್ಪಾಯ್ತು ಮೇಡಂ" ಅಂದ. ಆಮೇಲೆ ನನ್ನ ಕಡೆ ತಿರುಗಿದ.

"ನಾನ್ ಕುಡ್ದಿದ್ದೆ. ನೀನೇನ್ ಕುಡ್ದಿದ್ದೆ?"

ಖಾಲಿ ಪೆಟ್ಟಿಗೆಯನ್ನು ಎಡಗಂಕುಳಲ್ಲಿ ಸಿಕ್ಕಿಸಿಕೊಂಡು ಒಬ್ಬನೇ ಬಸ್‌ಸ್ಟ್ಯಾಂಡ್ ಕಡೆ ನಡೆದ. ಅಷ್ಟರಲ್ಲಿ ಮುಖಂಡರು, "ಹೆಣ್ಮಕ್ಳು ಕಮ್ಮಿ ಅವ್ರೆ, ನೀನೂ ಬಾರಮ್ಮ" ಎಂದು ನನ್ನನ್ನು ಫೋಟೋಗೆ ಎಳೆದು ನಿಲ್ಲಿಸಿದರು. ನಾನು ನಿಂತೆ. ಬೇಡ ಅನ್ನಲು ಅವತ್ತೂ ಬಾಯಿ ಬರಲಿಲ್ಲ.

ತಮ್ಮ ಈಗ ಪೊಲೀಸಮ್ಮನನ್ನು ಬೈಯುವುದಿಲ್ಲ. ನನ್ನನ್ನೂ ಬೈಯುವುದಿಲ್ಲ. ಅಂಗಡಿಗೆ ಹೋದರೆ, ಗಿರಾಕಿಯನ್ನು ಕೇಳುವ ಹಾಗೆ, "ಏನ್ ಬೇಕಮ್ಮ?" ಅನ್ನುತ್ತಾನೆ.