ನಳ ಬಂತು!

ಸಿಡ್ನಿಯಲ್ಲಿ ನೀರಿನ ದರ ನಿಗದಿ ಮಾಡುವ ಸರ್ಕಾರಿ ಕಚೇರಿಯ ಅಧಿಕಾರಿ, ಹುಬ್ಬಳ್ಳಿಯ ಚನ್ನವೀರನಿಗೆ ಪೈಪೆಂದರೆ ಪಂಚಪ್ರಾಣ. ಅವನಿರುವ ಬ್ಲ್ಯಾಕ್‌ಟೌನ್ ಬಡಾವಣೆಯ ಕನ್ನಡದವರು ಊಟಕ್ಕೆ ಸೇರಿ ಮನೆಸಾಲದ ಗೋಳು ತೋಡಿಕೊಳ್ಳುತ್ತಿದ್ದರೆ, ಇವನು ಅನ್ನದ ನಡುವೆ ಸಾರು ಹರಿಸಿ ಸಿಡ್ನಿಯ ಕೊಳವೆ ಜಾಲ ತೋರಿಸುತ್ತಾನೆ. ನೀರಿನ ಕಂಪನಿ ದರ ಏರಿಸಲು ಅರ್ಜಿ ಹಾಕಿತೆಂದರೆ ಇವನಿಗೆ ಹಬ್ಬ! ವಿಚಾರಣೆಯ ದಿನ ಹೊಸ ಟೈ ಕಟ್ಟಿ, “ಮೊದ್ಲ ಪೈಪ್ ತೋರಸ್ರಿ, ಆಮ್ಯಾಲ ರೇಟ್ ಕೇಳ್ರಿ!” ಎಂದು ಕನ್ನಡಿಯೆದುರು ಗುಡುಗಿ, ವಿಚಾರಣೆಯಲ್ಲಿ ಅದನ್ನೇ ನಯವಾದ ಇಂಗ್ಲಿಷಿನಲ್ಲಿ ಹೇಳುತ್ತಾನೆ. ದಿನಾ ಬೆಳಿಗ್ಗೆ ಬಚ್ಚಲಿನ ನಳ ತಿರುಗಿಸಿ, ಹುಬ್ಬಳ್ಳಿಯಲ್ಲಿ ಅಪರೂಪಕ್ಕೆ ನೀರು ಬಂದಾಗ ಅವ್ವ ಕೂಗುತ್ತಿದ್ದಂತೆಯೇ, “ನಳ ಬಂತು!” ಎಂದು ಮನೆ ಅದುರುವಂತೆ ಕೂಗುತ್ತಾನೆ. “ಡ್ಯಾಡ್, ಇಟ್ ನೆವರ್ ವೆಂಟ್!” ಎಂದು ಮಗಳು ಅನಘಾ ನಗುತ್ತಾಳೆ. “ಹೋಗಬಾರ್ದಂತನ ನನ್ನ ನೌಕರಿ ಐತವಾ!” ಎಂದು ಬೀಗುವ ಚನ್ನವೀರ, ಬಕೆಟ್ ತುಂಬಿ, ಮೇಲೊಂದು ತಟ್ಟೆ ಮುಚ್ಚಿಟ್ಟ ಮೇಲೆಯೇ ಕಚೇರಿಗೆ ಹೊರಡುತ್ತಾನೆ.